ರೇಷ್ಮೆ ಎಲ್ಲಿದೆ? — ಶ್ರೀರಂಗಪಟ್ಟಣಕ್ಕೆ ಹೋಗಿಬಂದ ಮೇಲೆ ಹೇಳಿದ ಮಾತು

(ಚಾಮರಾಜನಗರದಲ್ಲಿ ಕಾರ್ಖಾನೆ ಕೆಲಸಗಾರರು ಮತ್ತು ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)

ಭಾಷಣವೆಂದು ಹೇಳಿ ನಿಮ್ಮನ್ನೆಲ್ಲ ಇಲ್ಲಿ ಸೇರಿಸಿದ್ದಾರೆ. ನಾನು ಮೆಟ್ರಿಕ್‌ವರೆಗೆ ಓದಿದವನು. ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿ, ಆಮೇಲೆ ಈ ಸಂಘಟನೆಯ ಕೆಲಸಕ್ಕೆ ಬಂದವನು. ಆದ್ದರಿಂದ ನನ್ನ ಮಾತು ಭಾಷಣದಂತೆ ಇರದೆ ಪಾಠದಂತೆ ಇದ್ದರೆ ಕ್ಷಮಿಸಬೇಕು. ಹೋದ ತಿಂಗಳು ನಾವು ಹದಿನೇಳು ಜನ, ಚಾಮರಾಜನಗರದವರೂ ಗುಂಡ್ಲುಪೇಟೆಯವರೂ ಸೇರಿ, ಶ್ರೀರಂಗಪಟ್ಟಣಕ್ಕೆ ಹೋಗಿಬಂದೆವು. ಅಲ್ಲಿ ಕಂಡದ್ದನ್ನು ಹೇಳುತ್ತೇನೆ. ಹುಡುಕಿದರೂ ಕಾಣದೆ ಹೋದದ್ದೊಂದಿದೆ, ಅದನ್ನೂ ಹೇಳುತ್ತೇನೆ.

ಈ ಪ್ರಯಾಣದ ಮಾತು ಎದ್ದದ್ದು ನಮ್ಮ ವಾಚನಾಲಯದಲ್ಲಿ. ಒಂದು ಪತ್ರಿಕೆಯಲ್ಲಿ ಚೀನಾ ದೇಶದ ಸೂಚೌ ಎಂಬ ಪಟ್ಟಣದ ಚಿತ್ರ ಬಂದಿತ್ತು. ಬೀದಿಗಳ ಬದಲು ಕಾಲುವೆಗಳು, ಕಾಲುವೆಯ ಮೇಲೆ ಕಮಾನು ಸೇತುವೆಗಳು, ಮನೆಯ ಹಿಂಬಾಗಿಲಿಗೆ ಬಂದು ನಿಲ್ಲುವ ದೋಣಿಗಳು. ಕ್ರಿಸ್ತಪೂರ್ವ 514ರಲ್ಲಿ ಕಟ್ಟಿದ ಊರು ಅದು. ಪೆಕಿಂಗಿನಿಂದ ಹಾಂಗ್‌ಚೌವರೆಗೆ ಸುಮಾರು 1,800 ಕಿಲೋಮೀಟರ್ ಉದ್ದಕ್ಕೆ ಹೋಗುವ ಮಹಾಕಾಲುವೆ ಆ ಊರನ್ನು ಮುಟ್ಟಿ ಹೋಗುತ್ತದೆ. ಅಲ್ಲಿನ ಉದ್ಯಾನಗಳನ್ನು 1997ರಲ್ಲಿ ಯುನೆಸ್ಕೊ ಸಂಸ್ಥೆ ಲೋಕದ ಆಸ್ತಿಯೆಂದು ಪಟ್ಟಿಗೆ ಸೇರಿಸಿತು. ಇನ್ನು ರೇಷ್ಮೆ. ನೂರಾರು ವರ್ಷ ಚೀನಾದ ಚಕ್ರವರ್ತಿಗಳ ಮೈಮೇಲಿನ ಪಟ್ಟೆ ಆ ಊರಿನ ಮಗ್ಗಗಳಿಂದಲೂ ಹೋಗುತ್ತಿತ್ತು.

ಚಿತ್ರವನ್ನು ನೋಡಿದ ಗುಂಡ್ಲುಪೇಟೆಯ ಜವಳಿ ಅಂಗಡಿಯ ಗೆಳೆಯರೊಬ್ಬರು, “ಮೇಷ್ಟ್ರೇ, ಕಾಲುವೆ, ತೋಟ, ರೇಷ್ಮೆ, ಮೂರೂ ಒಂದೇ ಕಡೆ ಇರುವ ಊರು ನಮ್ಮ ಸೀಮೆಯಲ್ಲಿ ಇಲ್ಲವೆ?” ಎಂದು ಕೇಳಿದರು. ಯೋಚಿಸಿ ಹೇಳಿದೆ: ಇದೆ, ಶ್ರೀರಂಗಪಟ್ಟಣ. ಕಾವೇರಿಯ ನಡುಗಡ್ಡೆಯ ಊರು. ಕಾಲುವೆ ಇದೆ, ತೋಟ ಇದೆ, ಮೈಸೂರು ದೇಶಕ್ಕೆ ರೇಷ್ಮೆ ಹುಳು ಬಂದದ್ದೂ ಅಲ್ಲಿಗೇ. ಹಾಗಾದರೆ ಹೋಗೋಣ ಎಂದರು. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿಲ್ಲವಾದ್ದರಿಂದ ಹದಿನೇಳರಲ್ಲಿ ಹತ್ತು ಜನ ಹೆಂಗಸರೇ ಹೊರಟರು. ಅವರಲ್ಲಿ ಒಬ್ಬರು ಸಂತೇಮರಹಳ್ಳಿ ಕಡೆಯ ಮುದುಕಿ, ಮೂವತ್ತು ವರ್ಷ ರೇಷ್ಮೆ ನೂಲು ಬಿಚ್ಚಿದವರು. ಅವರ ಹೆಸರನ್ನು ಹೇಳುವುದು ಬೇಡ. ಅವ್ವ ಎಂದೇ ಕರೆಯುತ್ತೇನೆ, ನಾವೆಲ್ಲ ಹಾಗೆಯೇ ಕರೆಯುವುದು.

ಮೊದಲು ಕಾಲುವೆ ನೋಡಿದೆವು. ಅದರ ಹೆಸರು ಬಂಗಾರದೊಡ್ಡಿ ನಾಲೆ. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರ ಕಾಲದ್ದು ಎಂದು ಚರಿತ್ರೆಯಲ್ಲಿ ಬರೆದಿದೆ. ನದಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆ ಹಾಕಿ ನೀರನ್ನು ತಿರುಗಿಸಿ, ಆ ನೀರನ್ನು ನದಿಯ ಕವಲಿನ ಮೇಲೆಯೇ ಕಲ್ಲಿನ ಮೇಲ್ಗಾಲುವೆ ಕಟ್ಟಿ ದಾಟಿಸಿ, ನಡುಗಡ್ಡೆಯ ಹೊಲ ತೋಟಗಳಿಗೆ ತಂದಿದ್ದಾರೆ. ಕೆಳಗೆ ನದಿ, ಮೇಲೆ ಕಾಲುವೆ. ನಮ್ಮ ಗುಂಡ್ಲುಪೇಟೆಯ ಕಡೆಯವರಿಗೆ ಇದು ಎಷ್ಟು ದೊಡ್ಡ ಮಾತೆಂದು ಬೇರೆ ಹೇಳಬೇಕಾಗಿಲ್ಲ. ಬೋರ್‌ವೆಲ್ಲಿಗೆ ಸಾಲ ಮಾಡಿ, ನೀರು ಬಾರದೆ, ಮತ್ತೊಂದು ಬೋರ್‌ವೆಲ್ಲಿಗೆ ಮತ್ತೊಂದು ಸಾಲ ಮಾಡಿದವರು ಅಲ್ಲಿ ನಿಂತು ಆ ನೀರನ್ನು ನೋಡುತ್ತ ಬಹಳ ಹೊತ್ತು ಮಾತಾಡಲಿಲ್ಲ.

ಕಾಲುವೆಯ ದಡದಲ್ಲಿ ನನ್ನದೊಂದು ತಪ್ಪು ನೆನಪಿಗೆ ಬಂತು. ಅದನ್ನು ನಿಮ್ಮ ಮುಂದೆ ಹೇಳಿಬಿಡುತ್ತೇನೆ. ಮೇಷ್ಟ್ರಾಗಿದ್ದಾಗ ಒಂದು ಪರೀಕ್ಷೆಯಲ್ಲಿ “ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದವರು ಯಾರು?” ಎಂದು ಒಂದು ಅಂಕದ ಪ್ರಶ್ನೆ ಕೊಟ್ಟಿದ್ದೆ. ಸರ್ ಎಂ. ವಿಶ್ವೇಶ್ವರಯ್ಯ ಎಂದು ಬರೆಯಬೇಕು. ಕಲ್ಲು ಒಡೆಯುವವರ ಮನೆಯ ಒಬ್ಬ ಹುಡುಗ “ನಮ್ಮ ಮುತ್ತಾತ” ಎಂದು ಬರೆದಿದ್ದ. ಕೆಂಪು ಮಸಿಯಲ್ಲಿ ಗೀಟು ಎಳೆದು ಸೊನ್ನೆ ಕೊಟ್ಟೆ. ತರಗತಿಯಲ್ಲಿ ಅದನ್ನು ಓದಿ ನಗಿಸಿದೆ ಕೂಡ. ಆ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗಿ ಮುಗಿಯುವುದಕ್ಕೆ ಇಪ್ಪತ್ತು ವರ್ಷ ಹಿಡಿಯಿತು. ಸಾವಿರಾರು ಜನ ಅಲ್ಲಿಯೇ ಗುಡಿಸಲು ಹಾಕಿಕೊಂಡು ದುಡಿದರು. ಹುಡುಗನ ಉತ್ತರದಲ್ಲಿ ತಪ್ಪೇನಿತ್ತು? ವಿಶ್ವೇಶ್ವರಯ್ಯನವರ ಬುದ್ಧಿ ದೊಡ್ಡದು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ನಕ್ಷೆ ನೀರನ್ನು ತಡೆಯುವುದಿಲ್ಲ. ಆ ಹುಡುಗ ಈಗ ಎಲ್ಲಿದ್ದಾನೋ, ಎದುರು ಬಂದರೆ ಅವನ ಒಂದು ಅಂಕವನ್ನು ವಾಪಸು ಕೊಡಬೇಕಾಗಿದೆ.

ಹಾಗೆಂದು ಅರಸರು ಮಾಡಿದ್ದೆಲ್ಲ ಸೊನ್ನೆ ಎಂದು ನಾನು ಹೇಳುವುದಿಲ್ಲ. ಕನ್ನಂಬಾಡಿ ಕಟ್ಟೆಯ ಬಾಗಿಲಿನ ಬಳಿ ಟಿಪ್ಪು ಸುಲ್ತಾನನ ಕಾಲದ ಒಂದು ಪಾರಸಿ ಶಾಸನವಿದೆ. ಅದೇ ಕಡೆ ತಾನೂ ಒಂದು ಕಟ್ಟೆ ಕಟ್ಟಬೇಕೆಂದು 1790ರ ದಶಕದಲ್ಲಿ ಅವನು ಹೊರಟಿದ್ದಕ್ಕೆ ಅದು ಗುರುತು. ಈ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವ ರೈತನಿಗೆ ಕಂದಾಯದಲ್ಲಿ ನಾಲ್ಕನೆಯ ಒಂದು ಭಾಗ ಬಿಡತಕ್ಕದ್ದು ಎಂದು ಅದರಲ್ಲಿ ಕೆತ್ತಿಸಿದ್ದಾನೆ. ಕಾಲುವೆ ತೆಗೆದರೆ ಸಾಲದು, ಆ ನೀರಿನ ಲಾಭ ಯಾರ ಕಣಜಕ್ಕೆ ಹೋಗುತ್ತದೆಂದು ಕೇಳಬೇಕು. ಆ ಪ್ರಶ್ನೆ ಕಲ್ಲಿನ ಮೇಲೆ ಇರುವುದು ಒಳ್ಳೆಯದೇ. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಈ ಸಭೆಯಲ್ಲೇ ಇದ್ದೀರಿ. ಆ ಜಗಳವನ್ನು ಈ ಹೊತ್ತು ಪಕ್ಕಕ್ಕಿಡಿ. ನಮ್ಮ ಮಾತು ಕಾಲುವೆ, ತೋಟ, ರೇಷ್ಮೆಯ ಮಾತು.

ಮಧ್ಯಾಹ್ನ ಬುತ್ತಿ ಬಿಚ್ಚಿ ಉಂಡು ತೋಟಕ್ಕೆ ಹೋದೆವು. ದರಿಯಾ ದೌಲತ್ ಎಂಬ ಬೇಸಗೆಯ ಅರಮನೆ 1784ರಲ್ಲಿ ಕಟ್ಟಿದ್ದು. ತೇಗದ ಮರದ ಕಂಬಗಳು, ಸುತ್ತ ಹುಲ್ಲಿನ ಅಂಗಳ, ಸಾಲು ಮರಗಳು, ಬದಿಯಲ್ಲಿ ನದಿ. ಪಡುವಣ ಗೋಡೆಯ ತುಂಬ 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಇಂಗ್ಲಿಷರ ಸೇನಾಧಿಕಾರಿ ಬೇಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ, ಸುತ್ತ ಹೈದರನ ಮತ್ತು ಟಿಪ್ಪುವಿನ ಕುದುರೆಗಳು. ಬಣ್ಣ ಬಳಿಯುವ ಕೆಲಸ ಮಾಡುವ ನಮ್ಮ ಗೆಳೆಯರೊಬ್ಬರು ಚಿತ್ರದ ಯುದ್ಧವನ್ನು ನೋಡದೆ, ಬಣ್ಣ ಯಾವುದು, ಎಲ್ಲಿ ಮತ್ತೆ ತುಂಬಿದ್ದಾರೆ, ಹಳೆಯ ಕೈ ಯಾವುದು ಹೊಸ ಕೈ ಯಾವುದು ಎಂದು ಹುಡುಕುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಡಾಲ್‌ಹೌಸಿ ಅದನ್ನು ಮತ್ತೆ ಬರೆಸಿದ್ದು ನಿಜ. ಆ ಚಿತ್ರಗಾರರ ಹೆಸರನ್ನು ಗೋಡೆಯ ಮೇಲೆ ಯಾರೂ ಬರೆದಿಟ್ಟಿಲ್ಲ.

ಅಲ್ಲಿಂದ ಗಂಜಾಂ ಕಡೆಗೆ ನಡೆದೆವು. ಲಾಲ್‌ಬಾಗಿನ ತೋಟದಲ್ಲಿ ಹೈದರ್, ಟಿಪ್ಪು ಮಲಗಿರುವ ಗುಂಬಜ್ ಇದೆ. ಗಂಜಾಂ ಪೇಟೆಯನ್ನು ತುಂಬಿಸುವುದಕ್ಕೆ ಶಿರಾದಿಂದ ಕುಟುಂಬಗಳನ್ನು ಎಬ್ಬಿಸಿ ತಂದರಂತೆ. ಎದ್ದು ಬಂದವರು ಕೈಗೆಲಸದವರು, ವ್ಯಾಪಾರದವರು, ನಮ್ಮಂಥವರು. ಅರಸನ ಪಟ್ಟಣಕ್ಕೆ ಶೋಭೆ ಬರಬೇಕಾದರೆ ಮತ್ತೊಂದು ಊರಿನ ಒಲೆ ಆರಬೇಕಾಗುತ್ತದೆ. ಲಾಲ್‌ಬಾಗಿನಲ್ಲಿ ಒಂದು ಅರಮನೆಯೂ ಇತ್ತು, ಈಗಿಲ್ಲ. ಟಿಪ್ಪುವಿನ ಅರಮನೆಯ ತೊಲೆಗಳನ್ನು ಇಂಗ್ಲಿಷರು ಕಿತ್ತು ಬೆಟ್ಟ ಹತ್ತಿಸಿ, 1830ರ ಸುಮಾರಿಗೆ ಊಟಿಯಲ್ಲಿ ಕಟ್ಟಿದ ಸಂತ ಸ್ಟೀಫನರ ಚರ್ಚಿಗೆ ಹಾಕಿದರು. ಗುಂಡ್ಲುಪೇಟೆಯ ನಡುವೆ ದಿನವೂ ಊಟಿಗೆ ಹೋಗುವ ವಾಹನಗಳನ್ನು ಕಾಣುವ ನಮಗೆ ಈ ಸಂಗತಿ ತಿಳಿದಿರಲಿಲ್ಲ.

ಇಲ್ಲಿಯೇ ನಮ್ಮ ಜವಳಿ ಅಂಗಡಿಯ ಗೆಳೆಯರು ಒಂದು ಮಾತು ಹೇಳಿದರು: “ಏನೇ ಹೇಳಿ ಮೇಷ್ಟ್ರೇ, ಅರಸರು ಇದ್ದುದರಿಂದ ತಾನೆ ಇಷ್ಟೆಲ್ಲ ಆದದ್ದು?” ನಾನು ಉತ್ತರಕ್ಕೆ ಬಾಯಿ ತೆರೆಯುವ ಮೊದಲೇ ಅವ್ವ ಮತ್ತೊಂದು ಪ್ರಶ್ನೆ ಕೇಳಿದರು. ಆ ಪ್ರಶ್ನೆಗಾಗಿಯೇ ನಾನು ಈ ಹೊತ್ತು ನಿಮ್ಮ ಮುಂದೆ ನಿಂತಿದ್ದೇನೆ.

“ಮೇಷ್ಟ್ರೇ, ಕಾಲ್ವ ತೋರುಸ್ದ್ರಿ, ತ್ವಾಟ ತೋರುಸ್ದ್ರಿ. ರೇಸ್ಮ ಎಲ್ಲದ?”

ನಾನು ತೋರಿಸುವುದೇನು? ದರಿಯಾ ದೌಲತ್ತಿಗೆ ಬೇಲಿಯಿದೆ, ಕಾವಲಿದೆ, ಟಿಕೀಟು ಇದೆ. ಗುಂಬಜಿಗೆ ಕಾವಲಿದೆ. ಸೆರೆಮನೆಗಳಿಗೂ ಬೋರ್ಡು ಇದೆ. ನಾವು ಓಡಾಡಿದ ದಿನವಿಡೀ, ಇಲ್ಲಿ ಹುಳು ಸಾಕಿದರು, ಇಲ್ಲಿ ನೂಲು ಬಿಚ್ಚಿದರು ಎಂದು ತೋರಿಸುವ ಒಂದು ಕಲ್ಲೂ ನಮ್ಮ ಕಣ್ಣಿಗೆ ಬೀಳಲಿಲ್ಲ.

ಮರದ ನೆರಳಿನಲ್ಲಿ ಕುಳಿತು ನನಗೆ ಗೊತ್ತಿದ್ದ ಚರಿತ್ರೆಯನ್ನು ಹೇಳಿದೆ. 1786ರಲ್ಲಿ ಟಿಪ್ಪು ಶ್ರೀರಂಗಪಟ್ಟಣದ ಕೋಟೆಯ ಅಧಿಕಾರಿಗೆ ಒಂದು ಕಾಗದ ಬರೆದ. ರೇಷ್ಮೆ ಹುಳು ತರುವುದಕ್ಕೆ ಬಂಗಾಳಕ್ಕೆ ಕಳುಹಿಸಿದ್ದ ಇಬ್ಬರು ಹಿಂದಿರುಗಿ ಬರುತ್ತಿದ್ದಾರೆ, ಹುಳುಗಳನ್ನು ಇಡುವುದಕ್ಕೆ ತಕ್ಕ ಜಾಗ ಸಿದ್ಧಮಾಡು ಎಂದು. ಆ ಇಬ್ಬರ ಹೆಸರು ಬಹಾವುದ್ದೀನ್ ಮತ್ತು ಕಸ್ತೂರಿ ರಂಗ. ಮಸ್ಕತ್ತಿನಲ್ಲಿದ್ದ ತನ್ನ ಪ್ರತಿನಿಧಿಗೂ ಹುಳು ಮತ್ತು ಹುಳು ಸಾಕಬಲ್ಲವರನ್ನು ಕಳುಹಿಸೆಂದು ಬರೆದಿದ್ದ. ಮುಂದೆ ರಾಜ್ಯದಲ್ಲಿ ಇಪ್ಪತ್ತೊಂದು ಕಡೆ ಹುಳು ಸಾಕುವ ಕೇಂದ್ರಗಳನ್ನು ಮಾಡಬೇಕೆಂದು ಹುಕುಂ ಆಯಿತು.

ಅವ್ವನಿಗೆ ಹುಕುಂ ಬೇಕಾಗಿರಲಿಲ್ಲ. “ಆ ಇಬ್ರು ದಾರೀಲಿ ಹುಳೀಗ ಸೊಪ್ಪು ಎಲ್ಲಿಂದ ತಂದ್ರು?” ಎಂದು ಕೇಳಿದರು. ಇಷ್ಟು ವರ್ಷ ಆ ಕಾಗದದ ಸಂಗತಿ ತಿಳಿದಿದ್ದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಅವರೇ ಲೆಕ್ಕ ಹೇಳಿದರು. ಮೊಟ್ಟೆ ಹತ್ತು ದಿನಕ್ಕೆ ಒಡೆಯುತ್ತದೆ. ಒಡೆದ ಮೇಲೆ ಚಾಕಿ ಹುಳುವಿಗೆ ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು, ಹಗಲೂ ರಾತ್ರಿಯೂ. ನಾಲ್ಕು ಜ್ವರ ದಾಟಬೇಕು. ಇಪ್ಪತ್ತೈದು ಇಪ್ಪತ್ತೆಂಟು ದಿನಕ್ಕೆ ಹಣ್ಣಾಗಿ ಚಂದ್ರಿಕೆ ಹತ್ತುತ್ತದೆ. ಬಂಗಾಳದಿಂದ ಇಲ್ಲಿಗೆ ಆ ಕಾಲದಲ್ಲಿ ವಾರಗಟ್ಟಲೆಯ ದಾರಿ. ದಾರಿಯಲ್ಲಿ ಯಾರೋ ರಾತ್ರಿ ಎದ್ದು ಕೂತು ಸಾಕದೆ ಇದ್ದರೆ ಆ ಜೀವ ಉಳಿದು ಬರುವುದು ಸಾಧ್ಯವೇ ಇಲ್ಲ. ಕೇಳುತ್ತಿದ್ದ ನಾವೆಲ್ಲ ತಲೆದೂಗಿದೆವು. ಚರಿತ್ರೆಯನ್ನು ಓದಿದವನು ನಾನು, ಅದರ ಒಳಗನ್ನು ತಿಳಿದವರು ಅವರು.

ಆಮೇಲೆ ನಾನು ಮುಂದಿನದನ್ನು ಹೇಳಿದೆ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಸತ್ತ. ಮರುವರ್ಷ ಬಂದ ಬುಕಾನನ್ ಎಂಬ ಇಂಗ್ಲಿಷರ ವೈದ್ಯ ಲೆಕ್ಕ ಹಾಕಿ, ಕೋಟೆ ಮತ್ತು ಗಂಜಾಂ ಸೇರಿ ಊರಿನಲ್ಲಿ ಸುಮಾರು 32 ಸಾವಿರ ಜನ ಉಳಿದಿದ್ದಾರೆಂದು ಬರೆದ. ಹಿಂದೆ ಅದರ ನಾಲ್ಕೈದು ಪಟ್ಟು ಇದ್ದರೆಂದು ಅವನ ಅಂದಾಜು. ರಾಜಧಾನಿ ಮೈಸೂರಿಗೆ ಹೋಯಿತು. ಕೆಲವೇ ವರ್ಷಗಳಲ್ಲಿ ಜ್ವರದ ಭಯಕ್ಕೆ ಇಂಗ್ಲಿಷರ ದಂಡೂ ಬೆಂಗಳೂರಿಗೆ ಎದ್ದು ಹೋಯಿತು. ದಿವಾನ್ ಪೂರ್ಣಯ್ಯ 1804ರಲ್ಲಿ ನದಿಗೆ ಕಲ್ಲಿನ ಸೇತುವೆ ಕಟ್ಟಿಸಿ ಅದಕ್ಕೆ ವೆಲ್ಲೆಸ್ಲಿ ಎಂಬ ಇಂಗ್ಲಿಷ್ ಗವರ್ನರ್ ಜನರಲನ ಹೆಸರಿಟ್ಟ. ನಮ್ಮ ಯಳಂದೂರು ಆ ಪೂರ್ಣಯ್ಯನಿಗೆ ಜಹಗೀರಾಗಿ ಹೋಯಿತು.

ಹುಳು ಏನಾಯಿತು? ಅರಮನೆ ಬಿದ್ದ ಮೇಲೆ ಹುಳುವೂ ಸಾಯಬೇಕಾಗಿತ್ತು. ಅದಕ್ಕೆ ಕಾವಲಿರಲಿಲ್ಲ, ಹುಕುಂ ಕೊಡುವವನಿರಲಿಲ್ಲ. ಆದರೂ ಸಾಯಲಿಲ್ಲ. ಚನ್ನಪಟ್ಟಣದ ಕಡೆ, ರಾಮನಗರದ ಕಡೆ, ನಮ್ಮ ಯಳಂದೂರು ಕೊಳ್ಳೇಗಾಲದ ಕಡೆ, ಬಡವರ ಮನೆಯ ಪಡಸಾಲೆಯಲ್ಲಿ ಅದು ಬದುಕಿತು. ತಾವು ಮಲಗುವ ಜಾಗವನ್ನು ಹುಳುವಿಗೆ ಬಿಟ್ಟು ಜಗುಲಿಯ ಮೇಲೆ ಮಲಗಿದ ಹೆಂಗಸರು, ಮನೆಯ ಮಗುವಿಗಿಂತ ಮೊದಲು ತಟ್ಟೆಯ ಹುಳುವಿಗೆ ಉಣಿಸಿದ ಹೆಂಗಸರು ಅದನ್ನು ಉಳಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಹುಳುವಿಗೆ ರೋಗ ಬಂದು ಕಸುಬು ನೆಲ ಕಚ್ಚಿದಾಗಲೂ ಅವರು ಪೂರಾ ಬಿಡಲಿಲ್ಲ. ಅವರು ಬಿಡದೆ ಇದ್ದುದರಿಂದಲೇ 1912ರಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಏಳುವುದು ಸಾಧ್ಯವಾಯಿತು, ಇಂದು ಕರ್ನಾಟಕ ದೇಶದಲ್ಲೇ ಹೆಚ್ಚು ಹಿಪ್ಪುನೇರಳೆ ರೇಷ್ಮೆ ಬೆಳೆಯುವ ರಾಜ್ಯವಾಯಿತು. ಅರಸರು ಇದ್ದುದರಿಂದ ಇದೆಲ್ಲ ಆಯಿತೆ ಎಂದು ಕೇಳಿದ ಗೆಳೆಯರಿಗೆ ನನ್ನ ಉತ್ತರ ಇಷ್ಟೆ: ಹುಳುವನ್ನು ತರಿಸಿದವನು ಅರಸ, ಅದು ನಿಜ. ಅರಸ ಹೋದ ಮೇಲೆ ಇನ್ನೂರು ವರ್ಷ ಅದನ್ನು ಸಾಕಿದವರು ಯಾರು?

ಮಿತ್ರರೇ, ನೂಲು ಬಿಚ್ಚುವ ಕೆಲಸ ಏನೆಂದು ಇಲ್ಲಿರುವ ಕೆಲವರಿಗೆ ಗೊತ್ತು. ಅಂಗಡಿಯಲ್ಲಿ ಕುಳಿತವರಿಗೆ ಗೊತ್ತಿರಲಾರದು. ಕುದಿಯುವ ನೀರಿನಲ್ಲಿ ಗೂಡು ಬೇಯಿಸಬೇಕು. ಅದರ ಅಂಟು ಸಡಿಲವಾದಾಗ ಎಳೆಯ ತುದಿಯನ್ನು ಬೆರಳಿನಿಂದ ಹುಡುಕಿ ತೆಗೆಯಬೇಕು. ಒಂದು ಗೂಡಿನ ಎಳೆ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಏಳೆಂಟು ಗೂಡಿನ ಎಳೆಗಳನ್ನು ಕೂಡಿಸಿ ರಾಟೆಗೆ ಕೊಟ್ಟರೆ ಒಂದು ನೂಲು. ಒಂದು ಎಳೆ ಮುಗಿದ ಕೂಡಲೆ, ರಾಟೆ ನಿಲ್ಲಿಸದೆ, ಮತ್ತೊಂದು ಗೂಡಿನ ಎಳೆಯನ್ನು ಕೊಡಬೇಕು. ತಡವಾದರೆ ನೂಲು ಸಣ್ಣವಾಗುತ್ತದೆ, ಹೆಚ್ಚಾದರೆ ಗಂಟಾಗುತ್ತದೆ. ಒಂದು ಕಿಲೋ ನೂಲಿಗೆ ಏಳೆಂಟು ಕಿಲೋ ಗೂಡು ಬೇಕು. ಒಂದು ಸೀರೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಗೂಡುಗಳಿರುತ್ತವೆ. ಆ ಎರಡು ಸಾವಿರವೂ ಯಾರದೋ ಬೆರಳು ಮುಟ್ಟಿದವು. ಅವ್ವನ ಕೈಯನ್ನು ಅಲ್ಲಿದ್ದವರೆಲ್ಲ ನೋಡಿದೆವು. ಬೆರಳ ತುದಿ ಬೆಂದು ಬೆಂದು ಬಿಳಿಚಿ ಗೀರುಗಳೇ ಅಳಿಸಿಹೋಗಿವೆ. ಆಧಾರ್ ಯಂತ್ರದ ಮೇಲೆ ಇಟ್ಟರೆ ಆ ಬೆರಳಿನ ಗುರುತು ಹಿಡಿಯುವುದಿಲ್ಲವಂತೆ. ರೇಷನ್ ಅಂಗಡಿಯಲ್ಲಿ ಎರಡು ಮೂರು ಸಲ ಒರೆಸಿ ಒರೆಸಿ ಇಡಬೇಕಂತೆ. ಶ್ರೀರಂಗಪಟ್ಟಣದಲ್ಲಿ ನಾವು ರೇಷ್ಮೆಯನ್ನು ಕಂಡದ್ದು ಆ ಕೈಯಲ್ಲಿ ಮಾತ್ರ.

ಈಗ ಸೂಚೌ ಊರಿಗೆ ಒಂದು ಸಲ ಹೋಗಿಬರೋಣ. ಚಿತ್ರದಲ್ಲಿ ಕಾಣದ ಒಂದು ಸಂಗತಿ ಅಲ್ಲಿದೆ. 1601ರಲ್ಲಿ ಚೀನಾದ ಚಕ್ರವರ್ತಿ ವಾನ್‌ಲಿ ತನ್ನ ಅರಮನೆಯ ನಪುಂಸಕ ಅಧಿಕಾರಿ ಸುನ್ ಲುಂಗ್ ಎಂಬುವನನ್ನು ತೆರಿಗೆ ಎತ್ತುವುದಕ್ಕೆ ಆ ಕಡೆಗೆ ಕಳುಹಿಸಿದ್ದ. ಅವನ ಜನ ಊರಬಾಗಿಲುಗಳಲ್ಲಿ ಕುಳಿತು ಸರಕಿನ ಮೇಲೆ ಸುಂಕ ಹೇರಿದರು. ಸುಂಕಕ್ಕೆ ಹೆದರಿ ಹೊರಗಿನ ವ್ಯಾಪಾರಿಗಳು ಬರುವುದು ನಿಂತಿತು. ಆಮೇಲೆ ಒಂದೊಂದು ಮಗ್ಗಕ್ಕೂ ತೆರಿಗೆ ಹಾಕಿದರು. ಮಗ್ಗದ ಯಜಮಾನರು ಮಗ್ಗ ನಿಲ್ಲಿಸಿದರು. ದಿನಗೂಲಿಯ ನೇಯ್ಗೆಯವರು ಸಾವಿರಾರು ಜನ ಬೀದಿಗೆ ಬಿದ್ದರು. ಅವರು ಒಂದುಗೂಡಿ ಎದ್ದರು, ತೆರಿಗೆಯವರ ಮನೆಗಳಿಗೆ ಬೆಂಕಿ ಹಚ್ಚಿದರು, ತೆರಿಗೆಯವನೊಬ್ಬನನ್ನು ಹೊಡೆದು ಕೊಂದರು. ಆ ಹಿಂಸೆಯನ್ನು ನಾನು ಮೆಚ್ಚುವುದಿಲ್ಲ. ಆದರೆ ಊರಿನ ಒಂದು ಅಂಗಡಿಯನ್ನೂ ಅವರು ಲೂಟಿ ಮಾಡಲಿಲ್ಲವೆಂದು ಸರ್ಕಾರದ ಅಧಿಕಾರಿಗಳೇ ವರದಿ ಬರೆದರು. ಸೈನ್ಯ ಬರುತ್ತದೆಂದಾಗ ಗೆ ಚೆಂಗ್ ಎಂಬ ನೇಕಾರ ತಾನಾಗಿ ಹೋಗಿ, ಇದಕ್ಕೆಲ್ಲ ನಾನೊಬ್ಬನೇ ಹೊಣೆ, ಉಳಿದವರನ್ನು ಬಿಡಿ ಎಂದು ಒಪ್ಪಿಸಿಕೊಂಡ. ಹನ್ನೆರಡು ವರ್ಷ ಸೆರೆಯಲ್ಲಿದ್ದ. ಜನ ಅವನ ಹೆಸರನ್ನೇ ಬದಲಿಸಿ ಸಜ್ಜನ ಎಂಬ ಅರ್ಥದ ಹೆಸರಿನಿಂದ ಕರೆದರು. ಅವನ ಸಮಾಧಿ ಇಂದಿಗೂ ಆ ಊರಿನ ಕಾಲುವೆಯ ಬಳಿ ಇದೆ. ಅದೇ ಊರಿನಲ್ಲಿ 1991ರಿಂದ ರೇಷ್ಮೆಗಾಗಿಯೇ ಒಂದು ವಸ್ತುಸಂಗ್ರಹಾಲಯವನ್ನೂ ನಡೆಸುತ್ತಿದ್ದಾರೆ. ನಮ್ಮಲ್ಲಿ ಅವ್ವ ಕೇಳಿದ ಪ್ರಶ್ನೆಗೆ ಆ ಊರಿನಲ್ಲಿ ಉತ್ತರ ಉಂಟು.

ಈ ಕಥೆಯಲ್ಲಿ ನೀವು ಗಮನಿಸಬೇಕಾದ್ದು ಒಂದಿದೆ. ಸುಂಕ ಬಿದ್ದದ್ದು ವ್ಯಾಪಾರಿಯ ಮೇಲೆ, ಹೊಟ್ಟೆಗಿಲ್ಲದೆ ಹೋದದ್ದು ಕೂಲಿಯವನಿಗೆ. ಕಾರ್ಖಾನೆಯ ಬಾಗಿಲು ಮುಚ್ಚಿದ ತಿಂಗಳು ಸಂತೆಯ ಅಂಗಡಿಗಳಲ್ಲಿ ಸಾಲದ ಪುಸ್ತಕ ದಪ್ಪವಾಗುವುದನ್ನು ನೀವೆಲ್ಲ ಕಂಡಿದ್ದೀರಿ. ಕೂಲಿಯವನ ಕೈಗೆ ಕಾಸು ಬಾರದೆ ಹೋದರೆ ಅಂಗಡಿಯವನ ತಕ್ಕಡಿ ಮೇಲೇಳುವುದಿಲ್ಲ. ಈ ಸಭೆಯಲ್ಲಿ ಎರಡು ಸಾಲಾಗಿ ಕುಳಿತಿದ್ದೀರಿ, ಈ ಕಡೆ ಕಾರ್ಖಾನೆಯವರು, ಆ ಕಡೆ ಅಂಗಡಿಯವರು. ಬೇರೆ ಬೇರೆ ಕುಳಿತರೂ ನಿಮ್ಮ ಲೆಕ್ಕ ಒಂದೇ.

ನಮ್ಮ ಕಾಲದಲ್ಲಿ ನಡೆದದ್ದನ್ನೇ ತೆಗೆದುಕೊಳ್ಳಿ. ಜಗತ್ತಿನಲ್ಲಿ ರೇಷ್ಮೆ ಬೆಳೆಯುವುದರಲ್ಲಿ ಚೀನಾ ಮೊದಲು, ನಾವು ಎರಡನೆಯವರು. ಹೊರಗಿನಿಂದ ಬರುವ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು 2011ರ ಕೇಂದ್ರದ ಬಜೆಟ್ಟಿನಲ್ಲಿ ನೂರಕ್ಕೆ ಮೂವತ್ತರಿಂದ ಐದಕ್ಕೆ ಇಳಿಸಿದರು. ನೇಯ್ಗೆಯವರಿಗೆ ಅಗ್ಗದ ನೂಲು ಸಿಗಲೆಂದು ಹಾಗೆ ಮಾಡಿದರು, ಅವರ ಕಷ್ಟವೂ ನಿಜವೇ. ಆದರೆ ಆ ವರ್ಷ ಗೂಡಿನ ಮಾರುಕಟ್ಟೆಗಳಲ್ಲಿ ದರ ಕುಸಿಯಿತು, ರೈತರು ಬೀದಿಗಿಳಿದರು. ಹಿಪ್ಪುನೇರಳೆ ಗಿಡಗಳನ್ನು ಬೇರುಸಹಿತ ಕಿತ್ತು ಹಾಕಿದವರನ್ನು ನಾನೇ ನೋಡಿದ್ದೇನೆ. 2013ರಲ್ಲಿ ಸುಂಕವನ್ನು ಹದಿನೈದಕ್ಕೆ ಏರಿಸಿದರು. ಕಿತ್ತ ಗಿಡ ಸುಂಕ ಏರಿಸಿದ ಮಾತ್ರಕ್ಕೆ ಚಿಗುರುವುದಿಲ್ಲ. ನಮ್ಮ ಜವಳಿ ಅಂಗಡಿಯ ಗೆಳೆಯರು ಆ ದಿನ ಮರದ ಕೆಳಗೆ ಒಂದು ಸತ್ಯ ಹೇಳಿದರು: “ಗೂಡಿನ ದರ ಬಿದ್ದ ವರ್ಷ ನನ್ನ ಅಂಗಡಿಯಲ್ಲಿ ಸೀರೆಯ ದರ ಒಂದು ಕಾಸೂ ಇಳಿಯಲಿಲ್ಲ ಮೇಷ್ಟ್ರೇ. ನಡುವೆ ಯಾರು ತಿಂದರೋ ನನಗೂ ಗೊತ್ತಿಲ್ಲ.” ವ್ಯಾಪಾರಿಯ ಬಾಯಿಂದ ಬಂದ ಈ ಮಾತನ್ನು ನಾನು ಬರೆದಿಟ್ಟುಕೊಂಡಿದ್ದೇನೆ.

ಹಾಗಾದರೆ ಚೀನಾದವರು ನಮ್ಮ ಶತ್ರುಗಳೆ? ಬಸ್ಸಿನಲ್ಲಿ ಒಬ್ಬ ಹುಡುಗ ಹಾಗೆಯೇ ಹೇಳಿದ. ಅವ್ವನೇ ಅವನಿಗೆ ಹೇಳಿದರು: “ಅಲ್ಲೂ ಒಬ್ಳು ಬಿಸ್‌ನೀರ್ಗ ಕೈ ಹಾಕ್ತಾಳ ಕಣಪ್ಪ.” ಇದಕ್ಕಿಂತ ಹೆಚ್ಚು ನಾನು ಹೇಳಲಾರೆ. ಸೂಚೌ ಊರಿನ ನೂಲಿನ ಹೆಂಗಸಿಗೂ ಸಂತೇಮರಹಳ್ಳಿಯ ನೂಲಿನ ಹೆಂಗಸಿಗೂ ಜಗಳವಿಲ್ಲ. ಇಬ್ಬರ ನೂಲಿಗೂ ದರ ಕಟ್ಟುವ ಕಡೆಯಲ್ಲಿ ಇಬ್ಬರಿಗೂ ಕೂರುವುದಕ್ಕೆ ಜಾಗವಿಲ್ಲ. ಕೇಳಬೇಕಾದದ್ದು ಆ ಜಾಗ.

ಇನ್ನು ನಮ್ಮ ಜಿಲ್ಲೆಯ ಮಾತು. ಕೊಳ್ಳೇಗಾಲ, ಮಾಂಬಳ್ಳಿ, ಸಂತೇಮರಹಳ್ಳಿ, ಚಾಮರಾಜನಗರ ಎಂದು ನೂಲಿನ ಕಾರ್ಖಾನೆಗಳ ಹೆಸರನ್ನು ಎಣಿಸುತ್ತಿದ್ದ ಸೀಮೆ ಇದು. ಬೆಳಗಿನ ಸೈರನ್ನಿಗೆ ಹೆಂಗಸರು ಬುತ್ತಿ ಹಿಡಿದು ಸಾಲಾಗಿ ಹೋಗುತ್ತಿದ್ದುದನ್ನು ನಿಮ್ಮಲ್ಲಿ ಹಿರಿಯರು ಕಂಡಿದ್ದೀರಿ. ಆ ಸಾಲು ಈಗ ಇಲ್ಲ. ಅವ್ವ ಕೆಲಸ ಮಾಡಿದ ಕಡೆ ಒಂದು ದಿನ ಬೀಗ ಬಿತ್ತು. ಮನೆಯಲ್ಲಿ ಚರಕ ಇಟ್ಟುಕೊಂಡು ಇನ್ನು ಕೆಲವು ವರ್ಷ ನಡೆಸಿದರು. ಗೂಡು ಕೊಳ್ಳುವುದಕ್ಕೆ ಕೈಯಲ್ಲಿ ದುಡ್ಡಿಲ್ಲದೆ ಅದನ್ನೂ ಮಾರಿದರು. ಸೊಸೆಗೆ ಕಸುಬು ಕಲಿಸಿಲ್ಲ. ಕಲಿಸಿ ಏನು ಮಾಡಬೇಕು ಎಂದು ಅವರು ನನ್ನನ್ನು ಕೇಳಿದರು. ಮಿತ್ರರೇ, ಕಲ್ಲಿನ ಕಟ್ಟಡ ಪಾಳು ಬಿದ್ದರೂ ನೂರು ವರ್ಷದ ಮೇಲೆ ಯಾರಾದರೂ ಬಂದು ಸುಣ್ಣ ಬಳಿದು ನಿಲ್ಲಿಸಬಹುದು. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಹೋಗದೆ ನಿಂತ ಕಸುಬು ಒಂದೇ ತಲೆಮಾರಿನಲ್ಲಿ ಮಣ್ಣಾಗುತ್ತದೆ. ಟಿಪ್ಪುವಿನ ಅರಮನೆ ಬಿದ್ದಾಗ ಉಳಿದ ಹುಳು, ಇಂಗ್ಲಿಷರ ಕಾಲದಲ್ಲಿ ಉಳಿದ ಹುಳು, ನಮ್ಮ ಕಾಲದಲ್ಲಿ ನಾವು ನೋಡುತ್ತಿರುವಾಗ ಸತ್ತಿತು ಎ೦ಬ ಮಾತು ಬಾರದಿರಲಿ.

ಅದಕ್ಕಾಗಿ ನಾನು ನಿಮ್ಮ ಮುಂದೆ ಮೂರು ಸಣ್ಣ ಮಾತುಗಳನ್ನು ಇಡುತ್ತೇನೆ. ಒಂದು, ನೂಲು ಬಿಚ್ಚುವವರಿಗೆ ಗೂಡು ಕೊಳ್ಳುವುದಕ್ಕೆ ದುಡಿಯುವ ಬಂಡವಾಳ ಬೇಕು. ದಲ್ಲಾಳಿಯ ಸಾಲ ಅದಲ್ಲ. ಹೆಂಗಸರ ಸಂಘಗಳ ಹೆಸರಿನಲ್ಲಿ, ಸಣ್ಣ ಬಡ್ಡಿಗೆ ಅದು ಸಿಗುವ ಹಾಗೆ ಸರ್ಕಾರವನ್ನು ಕೇಳೋಣ. ಎರಡು, ಅಂಗಡಿಯವರು ಸೀರೆ ಮಾರುವಾಗ ನೂಲು ಎಲ್ಲಿಯದೆಂದು ಗಿರಾಕಿಗೆ ನಿಜ ಹೇಳಲಿ. ಹೊರಗಿನದಾದರೆ ಹೊರಗಿನದು, ನಮ್ಮದಾದರೆ ನಮ್ಮದು. ಗುಂಡ್ಲುಪೇಟೆಯ ಗೆಳೆಯರು ಇದಕ್ಕೆ ಆಗಲೇ ಒಪ್ಪಿದ್ದಾರೆ. ಮೂರು, ಶ್ರೀರಂಗಪಟ್ಟಣದಲ್ಲಾಗಲಿ ನಮ್ಮ ಜಿಲ್ಲೆಯಲ್ಲಾಗಲಿ ಒಂದು ಕೋಣೆ ಇರಲಿ. ತಟ್ಟೆ, ಚಂದ್ರಿಕೆ, ಚರಕ ಇರಲಿ, ಬಲ್ಲವರೊಬ್ಬರು ಸಂಬಳದ ಮೇಲೆ ಕುಳಿತು ಬರುವ ಮಕ್ಕಳಿಗೆ ಎಳೆ ತೆಗೆದು ತೋರಿಸಲಿ. ಬಹಾವುದ್ದೀನ್, ಕಸ್ತೂರಿ ರಂಗ ಎಂಬ ಎರಡು ಹೆಸರುಗಳನ್ನು ಬಾಗಿಲ ಮೇಲೆ ಬರೆಯಲಿ. ಒಬ್ಬ ಮುಸಲ್ಮಾನ, ಒಬ್ಬ ಹಿಂದು, ಒಂದೇ ಬುಟ್ಟಿಯ ಹುಳುವನ್ನು ಅಷ್ಟು ದೂರದಿಂದ ಹೊತ್ತು ತಂದವರು.

ಸಂಜೆ ಹಿಂದಿರುಗುವಾಗ ನಡೆದದ್ದನ್ನು ಹೇಳಿ ಮುಗಿಸುತ್ತೇನೆ. ಊರು ಹತ್ತಿರ ಬರುತ್ತಿತ್ತು. ರಸ್ತೆಯ ಪಕ್ಕದ ಒಂದು ಹೊಲದಲ್ಲಿ ಹಿಪ್ಪುನೇರಳೆ ಹಸಿರಾಗಿ ನಿಂತಿತ್ತು. ಕಿಟಕಿಯ ಬಳಿ ತೂಕಡಿಸುತ್ತಿದ್ದ ಅವ್ವ ಕಣ್ಣು ಬಿಟ್ಟು ನೋಡಿ, “ಸೊಪ್ಪು ಬಲಿತದ. ಇನ್ನೆರಡ್ ದಿನ ಬುಟ್ರ ಹುಳ ತಿನ್ನದು” ಎಂದರು. ಯಾರ ಹೊಲವೋ ಅವರಿಗೆ ಗೊತ್ತಿಲ್ಲ. ಹುಳು ಸಾಕಿ, ಗೂಡು ಮುಟ್ಟಿ ಎಷ್ಟೋ ವರ್ಷವಾಯಿತು. ಆದರೂ ಓಡುವ ಬಸ್ಸಿನಿಂದ ಎಲೆಯ ವಯಸ್ಸು ಅವರಿಗೆ ತಿಳಿಯಿತು. ಇಷ್ಟು ವಿದ್ಯೆ ನಮ್ಮ ನಡುವೆ ಇನ್ನೂ ಉಸಿರಾಡುತ್ತಿದೆ. ಅದು ಇರುವಾಗಲೇ ಕೇಳಿ ಕಲಿಯುವವರು ಕಲಿಯಲಿ, ಉಳಿಸುವವರು ಉಳಿಸಲಿ.

ಮುಂದಿನ ಸಲ ಹೋಗುವಾಗ ನೀವೂ ಬನ್ನಿ. ನಿಮ್ಮ ಮಕ್ಕಳನ್ನು ಕರೆದುಕೊಂಡು ಬನ್ನಿ. ಅವರು ಪ್ರಶ್ನೆ ಕೇಳಿದರೆ ನಾನು ಈ ಸಲ ಕೆಂಪು ಮಸಿಯ ಲೇಖನಿ ತರುವುದಿಲ್ಲ.